ಕಂಪ್ಯೂಟರ್ ಬೇಡವೆಂದ ಮದುವೆ

ಮದುವೆ ನಿಂತರೆ ಹುಡುಗಿಯ ಮನೆಯವರು ಅಳುತ್ತಾರೆ, ಹುಡುಗನ ಮನೆಯವರು ಹಾರಾಡುತ್ತಾರೆ, ಅಡುಗೆಯವರು ಗೊಣಗುತ್ತಾ ಪಾತ್ರೆ ಎತ್ತಿಕೊಂಡು ಹೋಗುತ್ತಾರೆ. ಆದರೆ ಆಮಂತ್ರಣ ಪತ್ರಿಕೆ ಅಚ್ಚು ಹಾಕಿ ಒಣಗಲು ಹರಡಿ ಕೂತವನ ಗತಿ ಏನೆಂದು ಇವತ್ತಿನವರೆಗೆ ಒಬ್ಬನೇ ಒಬ್ಬ ಕೇಳಿದ್ದಿಲ್ಲ. ಆದ್ದರಿಂದ ಈ ಕಥೆಯನ್ನು ನಾನೇ ಹೇಳಬೇಕು. ನಾನು ಅತ್ತಾವರದ ಜೊಕಿಮ್. ಆಸ್ಪತ್ರೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಡಾಕ್ಟರುಗಳ ಚೀಟಿಯಿಂದ ಹಿಡಿದು ಶ್ರದ್ಧಾಂಜಲಿಯವರೆಗೆ ಎಲ್ಲವನ್ನೂ ಅಚ್ಚು ಹಾಕುತ್ತೇನೆ, ನಡುನಡುವೆ ಮದುವೆಗಳೂ ಬರುತ್ತವೆ.

ನನ್ನ ಪಕ್ಕದ ಮನೆ ಸರ್ವೋತ್ತಮ ಶೆಟ್ಟರದು. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಅವಕಾಶ ಸಿಗಲಿಕ್ಕಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಹೆಡ್ ಕ್ಲರ್ಕು, ಬಂಟರ ಸಂಘವೊಂದರ ವಧೂವರ ಸಮಿತಿಗೆ ಕಾರ್ಯದರ್ಶಿ. ಅವರಿಗೂ ಹೆಂಡತಿ ಕುಶಲಾ ಅಕ್ಕನಿಗೂ ಮಕ್ಕಳಿರಲಿಲ್ಲ. ಶೆಟ್ಟರ ತಂಗಿ ರಾಜೀವಿ ಸಣ್ಣ ಪ್ರಾಯದಲ್ಲೇ ತೀರಿಕೊಂಡಾಗ, ಅವಳ ಮಗಳು ಆಶಾಲತಾಳನ್ನು ಇವರೇ ತಂದು ಸಾಕಿದರು. ಮನೆಯಲ್ಲಿ ಶೆಟ್ಟರ ತಾಯಿ ಗುಲಾಬಿ ಅಮ್ಮ ಬೇರೆ ಇದ್ದರು. ಆ ಅಜ್ಜಿಗೆ ಮೊಮ್ಮಗಳೆಂದರೆ ತೀರಿಹೋದ ಮಗಳೇ ವಾಪಸು ಬಂದ ಹಾಗೆ. ಅಂಥ ಹುಡುಗಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗ ನಂತೂರಿನ ಜಯಪಾಲ, ಹೈಸ್ಕೂಲಿನಲ್ಲಿ ಮೇಷ್ಟ್ರು. ನಿಶ್ಚಿತಾರ್ಥವಾದ ಮೇಲೆ ಅವನು ಯಾವುದಾದರೂ ನೆಪ ಮಾಡಿಕೊಂಡು ಅತ್ತಾವರಕ್ಕೆ ಬರುತ್ತಲೇ ಇದ್ದ. ಆಸ್ಪತ್ರೆಯಲ್ಲಿ ಯಾರನ್ನೋ ನೋಡಲಿಕ್ಕುಂಟು ಎನ್ನುತ್ತಿದ್ದ. ಅಷ್ಟು ಸಲ ನೋಡಿದ್ದರೆ ಆ ರೋಗಿ ಯಾವತ್ತೋ ಗುಣವಾಗಿ ಓಡಿಹೋಗಿರಬೇಕು.

ಎಲ್ಲ ಸರಿಯಿತ್ತು. ಕೆಡಿಸಿದ್ದು ಕಂಪ್ಯೂಟರ್.

ಆಗ ಎಂಬತ್ತರ ದಶಕದ ಕೊನೆಯ ಭಾಗ. ಮಂಗಳೂರಿನಲ್ಲಿ ಕಂಪ್ಯೂಟರ್ ನೋಡಿದವರಿಗಿಂತ ಅದರ ಬಗ್ಗೆ ಭಾಷಣ ಮಾಡುವವರು ಜಾಸ್ತಿ ಇದ್ದರು. ಸಂಘದ ಸಭೆಯಲ್ಲಿ ಬೊಂಬಾಯಿಯಿಂದ ಬಂದ ಯಾರೋ ಒಬ್ಬರು, "ಅಲ್ಲಿ ಎಲ್ಲ ಈಗ ಕಂಪ್ಯೂಟರಿನಲ್ಲಿಯೇ" ಎಂದರಂತೆ. ನಮ್ಮ ಶೆಟ್ಟರಿಗೆ ತಡೆಯಲಿಲ್ಲ. ಎದ್ದು ನಿಂತು, "ನಮ್ಮ ಸಮಿತಿಯಲ್ಲೂ ಇನ್ನು ಕಂಪ್ಯೂಟರೇ. ಬರಿ ನೋಡುವ ಕೆಲಸ ಪೂರ್ತಿ ಅದು ಮಾಡ್ತದೆ. ಮನುಷ್ಯ ತಪ್ಪಬಹುದು, ಕಂಪ್ಯೂಟರ್ ತಪ್ಪುವುದಿಲ್ಲ" ಎಂದು ಘೋಷಿಸಿಯೇ ಬಿಟ್ಟರು. ಸಭೆ ಚಪ್ಪಾಳೆ ಹೊಡೆಯಿತು. ಚಪ್ಪಾಳೆ ನಿಂತ ಮೇಲೆ ಶೆಟ್ಟರಿಗೆ ಹೊಳೆಯಿತು, ತನಗೆ ಕಂಪ್ಯೂಟರ್ ಬರುವುದಿಲ್ಲ.

ಬರಿ ಎಂದರೆ ಏನೆಂದು ಹೊರಗಿನವರಿಗೆ ಹೇಳಬೇಕು. ಬಂಟರಲ್ಲಿ ಒಬ್ಬೊಬ್ಬರಿಗೂ ಒಂದು ಬರಿ ಇರುತ್ತದೆ, ಅಂದರೆ ಕುಲದ ಕವಲು. ಒಂದೇ ಬರಿಯವರು ಅಣ್ಣ ತಂಗಿಯ ಲೆಕ್ಕ, ಅವರೊಳಗೆ ಮದುವೆ ಆಗುವ ಹಾಗಿಲ್ಲ. ಜಾತಕ ಕೂಡದಿದ್ದರೂ ಭಟ್ಟರು ಏನಾದರೂ ದಾರಿ ತೋರಿಸಿಯಾರು. ಬರಿ ಒಂದಾದರೆ ಮಾತೇ ಮುಗಿಯಿತು. ಇದಿಷ್ಟು ನನಗೆ ಆಗಲೂ ಗೊತ್ತಿತ್ತು, ಇಷ್ಟೇ ಗೊತ್ತಿತ್ತು.

ನನ್ನ ಅಕ್ಕನ ಮಗಳು ಗ್ಲ್ಯಾಡಿಸ್ ಹಂಪನಕಟ್ಟೆಯ ಒಂದು ಮಾಳಿಗೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು. ಶೆಟ್ಟರನ್ನು ಅಲ್ಲಿಗೆ ಕರೆದುಕೊಂಡು ಹೋದವನು ನಾನೇ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಒಳಗೆ ಏಸಿ. ಶೆಟ್ಟರು ಹೊಸ್ತಿಲಲ್ಲಿ ನಿಂತು ಮೊದಲು ಕೈ ಮುಗಿದರು. ಕಾಲೇಜು ಹುಡುಗಿಯರ ನಡುವೆ, ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿಯ ಅಂಗಿ ಹಾಕಿ, ಮೊದಲ ಬೆಂಚಿನಲ್ಲಿ ಕೂತರು. ಗ್ಲ್ಯಾಡಿಸ್ ಏನು ಹೇಳಿದರೂ "ಹೌದು ಮೇಡಂ" ಎನ್ನುತ್ತಿದ್ದರು. ಅವಳು "ಅರ್ಥ ಆಗ್ಲಿಲ್ವಾ?" ಎಂದು ಕೇಳಿದರೂ "ಹೌದು ಮೇಡಂ".

ಕೆಲವು ತಿಂಗಳಲ್ಲಿ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾಲ್ಕು ಸಾಲು ಬರೆಯಲು ಕಲಿತರು. ಕೂಡಲೇ ಬರಿಯ ಪ್ರೋಗ್ರಾಮಿಗೆ ಕೈ ಹಾಕಿದರು. ಸಮಿತಿಯ ಮನೆತನಗಳ ಹೆಸರುಗಳನ್ನೆಲ್ಲ ಮಷೀನಿಗೆ ತುಂಬಿಸುವುದು, ಅದು ಒಬ್ಬೊಬ್ಬರ ವಂಶ ಹಿಡಿದು ಮೇಲಕ್ಕೆ ಏರಿ ಬರಿ ಪತ್ತೆ ಮಾಡುವುದು, ಹುಡುಗ ಹುಡುಗಿಯ ಬರಿ ಬೇರೆಯಾದರೆ 'ಯೆಸ್', ಒಂದೇ ಆದರೆ 'ನೋ' ಎಂದು ಅಚ್ಚು ಮಾಡುವುದು. ಯಾವ ಬರಿ ಎಂದು ಹೇಳುವ ಅಗತ್ಯವಿಲ್ಲವಂತೆ. ಕೋರ್ಟಿನ ತೀರ್ಪು ಹಾಗೆಯೇ ಚುಟುಕಾಗಿರಬೇಕು ಎಂದರು ಶೆಟ್ಟರು. ಕೋರ್ಟಿನ ತೀರ್ಪನ್ನು ಈ ಮನುಷ್ಯ ಎಂದೂ ಓದಿರಲಿಲ್ಲ ಎಂದು ಕಾಣುತ್ತದೆ.

ನಡುವೆ ಒಂದು ದಿನ ಗ್ಲ್ಯಾಡಿಸ್ ಕೇಳಿದ್ದಳು. "ಅಂಕಲ್, ಬರಿ ಅಂದ್ರೆ ನಮ್ಮ ಸರ್ನೇಮಿನ ಹಾಗೆ ಅಲ್ವಾ? ಮಕ್ಕಳಿಗೆ ಅಪ್ಪಂದೇ ಬರುದಲ್ವಾ?"

"ಹೌದು ಮೇಡಂ" ಎಂದರು ಶೆಟ್ಟರು. ಅವರ ಗಮನ ಪೂರ್ತಿ ಕೀಲಿಮಣೆಯಲ್ಲಿ 'ಕ್ಯೂ' ಅಕ್ಷರ ಹುಡುಕುವುದರಲ್ಲಿತ್ತು.

ಪ್ರೋಗ್ರಾಂ ಮುಗಿಯಿತು. ಮೊದಲ ಪ್ರಯೋಗಕ್ಕೆ ಆಶಾಲತಾ ಮತ್ತು ಜಯಪಾಲನ ಜೋಡಿಯನ್ನೇ ಇಡಬೇಕೆಂದು ಶೆಟ್ಟರಿಗೆ ಆಸೆ. "ನಿಶ್ಚಿತಾರ್ಥ ಆಗಿ ಹೋಗಿದೆ, ಇನ್ನು ಅದನ್ನು ಕೇಳುವುದು ಎಂತ ಉಂಟು?" ಎಂದು ಕುಶಲಾ ಅಕ್ಕ ಕೇಳಿದರು. "ಆಶೀರ್ವಾದ ಮಾರಾಯ್ತಿ, ಕಂಪ್ಯೂಟರಿನ ಆಶೀರ್ವಾದ! ಇಡೀ ಜಿಲ್ಲೆಯಲ್ಲಿ ಯಾರಿಗೆ ಸಿಕ್ಕಿದೆ ಹೇಳು!" ಎಂದರು ಶೆಟ್ಟರು.

ಒಂದು ಭಾನುವಾರ ಊಟದ ನಂತರ ಎರಡೂ ಕಡೆಯವರು ಮಾಳಿಗೆ ಹತ್ತಿದರು. ಹುಡುಗನ ಕಡೆಯಿಂದ ಅವನ ಸೋದರಮಾವ ಲೋಕನಾಥ ಶೆಟ್ಟರು ಬಂದಿದ್ದರು. ನಂತೂರಿನಲ್ಲಿ ಲಾರಿ ಚಾಲಕರಿಗೆ ಹೋಟೆಲು ನಡೆಸುವ ಆಸಾಮಿ. ಲಾರಿಯ ಹಾರ್ನಿನ ಎದುರು ಮಾತಾಡಿ ಮಾತಾಡಿ ಅವರ ಪಿಸುಮಾತು ಕೂಡ ಬೀದಿಗೆ ಕೇಳುತ್ತಿತ್ತು. ಗುಲಾಬಿ ಅಮ್ಮ ಮಾತ್ರ ಮೆಟ್ಟಿಲು ಹತ್ತಲಾರೆನೆಂದು ಮನೆಯಲ್ಲಿ ಉಳಿದರು. ಬಾಗಿಲ ಹೊರಗೆ ಚಪ್ಪಲಿಯ ರಾಶಿ, ಒಳಗೆ ಏಸಿಗೆ ನಡುಗುತ್ತಾ ಕೂತ ಹೆಂಗಸರು. ನನ್ನ ಹೆಂಡತಿ ಉರ್ಸುಲಾ ಸೆರಗು ಹೊದ್ದು ನನ್ನ ಪಕ್ಕದಲ್ಲಿದ್ದಳು.

ಶೆಟ್ಟರು ಮಷೀನಿಗೆ ನಮಸ್ಕರಿಸಿ ಎರಡು ಹೆಸರು ಬಡಿದರು. ಪ್ರಿಂಟರು ಕರಕರ ಎಂದು ಒಂದು ಕಾಗದ ಹೊರಗೆ ತಳ್ಳಿತು. ಶೆಟ್ಟರು ಅದನ್ನು ಹರಿದು, ನೋಡದೆಯೇ, ಬಲು ಗೌರವದಿಂದ ಲೋಕನಾಥ ಶೆಟ್ಟರ ಕೈಗೆ ಕೊಟ್ಟರು.

ಲೋಕನಾಥ ಶೆಟ್ಟರು ಓದಿದರು. "ನೋ."

"ಎಂತ?"

"ನೋ ಅಂತ ಉಂಟು. ನಿಮ್ಮ ಮಷೀನು ನೋ ಹೇಳ್ತದೆ ಮಾರ್ರೆ."

ಶೆಟ್ಟರು ಇನ್ನೊಮ್ಮೆ ಬಡಿದರು. ಇನ್ನೊಮ್ಮೆ ನೋ. ಆಶಾಲತಾಳ ಮುಖ ಬಿಳಿಚಿತು. ಜಯಪಾಲ ಎದ್ದು ನಿಂತ, ಸೋದರಮಾವನ ಕಣ್ಣು ನೋಡಿ ಮತ್ತೆ ಕೂತ.

"ನಮ್ಮ ಹುಡುಗನ ಬರಿ ಬೇರೆ, ನಿಮ್ಮ ಹುಡುಗಿಯ ಬರಿ ಬೇರೆ. ಊರಿಗೇ ಗೊತ್ತುಂಟು" ಎಂದರು ಲೋಕನಾಥ ಶೆಟ್ಟರು. "ಹಾಗಾದ್ರೆ ಇದು ನೋ ಯಾಕೆ ಹೇಳ್ತದೆ? ನಮಗೆ ಯಾರಿಗೂ ಗೊತ್ತಿಲ್ಲದ್ದು ಇದಕ್ಕೆ ಎಂತಾದ್ರೂ ಗೊತ್ತುಂಟಾ?"

ಇಲ್ಲಿ ಶೆಟ್ಟರು, "ಮಷೀನಿಗೆ ತಲೆ ಕೆಟ್ಟಿದೆ" ಎಂದು ಒಂದು ಮಾತು ಹೇಳಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ತುಂಬಿದ ಸಭೆಯಲ್ಲಿ ಕಂಪ್ಯೂಟರ್ ತಪ್ಪುವುದಿಲ್ಲ ಎಂದವರು ಅವರೇ ಅಲ್ಲವೇ? ಹಿಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು. ಹಳೆ ಕಾಲದಲ್ಲಿ ಯಾರನ್ನಾದರೂ ದತ್ತು ತಂದಿದ್ದರೋ ಏನೋ, ಯಾವ ಅಜ್ಜಿ ಏನು ಮುಚ್ಚಿಟ್ಟಳೋ ಏನೋ. ಕೂತಲ್ಲೇ ಎರಡು ಮನೆತನಗಳ ಮಾನ ಹರಾಜಾಯಿತು.

"ಒಂದು ಕೆಲಸ ಮಾಡುವ" ಎಂದರು ಲೋಕನಾಥ ಶೆಟ್ಟರು. "ನಿಮ್ಮದು ಮತ್ತು ಕುಶಲಾದು ಹಾಕಿ ನೋಡುವ."

ಶೆಟ್ಟರು ಹಾಕಿದರು. ನೋ.

ಕುಶಲಾ ಅಕ್ಕ ನಿಧಾನವಾಗಿ ಎದ್ದರು. "ಹಾಗಾದ್ರೆ ನಾನು ನಿಮಗೆ ತಂಗಿಯಾ?"

"ಅಯ್ಯೋ, ಹಾಗಲ್ಲ ಮಾರಾಯ್ತಿ—"

"ಮಾರಾಯ್ತಿ ಅಲ್ಲ, ತಂಗಿ ಅಂತ ಹೇಳಿ."

ಬೆವರುತ್ತಿದ್ದ ಶೆಟ್ಟರು, ಮಷೀನು ಯಾರಿಗೂ ಯೆಸ್ ಎನ್ನುವುದಿಲ್ಲವೇ ಎಂದು ಪರೀಕ್ಷಿಸಲು ಕೈಗೆ ಸಿಕ್ಕಿದ ಹೆಸರುಗಳನ್ನು ಬಡಿದರು. ಕೈಗೆ ಸಿಕ್ಕಿದ್ದು ತನ್ನ ಹೆಸರು ಮತ್ತು ಆಶಾಲತಾಳ ಹೆಸರು. ಈ ಸಲ ಕಾಗದವನ್ನು ಲೋಕನಾಥ ಶೆಟ್ಟರೇ ಹರಿದು ಓದಿದರು. ಅವರ ಧ್ವನಿ ಮೊದಲ ಬಾರಿಗೆ ನಿಜವಾಗಿಯೂ ಪಿಸುಗುಟ್ಟಿತು. "ಯೆಸ್."

ಘಟ್ಟದ ಮೇಲೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುತ್ತಾರಂತೆ. ಇಲ್ಲಿ ಬಂಟರಲ್ಲಿ ಅದನ್ನು ಆಡಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ತಂಗಿಯ ಮಗಳೆಂದರೆ ಸ್ವಂತ ಬರಿ, ಸ್ವಂತ ರಕ್ತ. ಮಷೀನು ಒಂದೇ ಮಧ್ಯಾಹ್ನದಲ್ಲಿ ಸರ್ವೋತ್ತಮ ಶೆಟ್ಟರಿಗೆ ಹೆಂಡತಿಯನ್ನು ತಂಗಿ ಮಾಡಿ, ಮಗಳಂತೆ ಸಾಕಿದ ಹುಡುಗಿಯನ್ನು ಮದುವೆಗೆ ತೋರಿಸಿತ್ತು. "ದೇವೆರೆ!" ಎಂದು ಹೆಂಗಸರು ಎದ್ದರು. ಹೊರಗೆ ಚಪ್ಪಲಿಗಳು ಅದಲುಬದಲಾದವು. ಉರ್ಸುಲಾಳ ಹೊಸ ಚಪ್ಪಲಿ ಅವತ್ತು ಹೋದದ್ದು ಹೋಯಿತು, ಅದಕ್ಕೂ ಅವಳು ಬೈದದ್ದು ನನಗೇ.

ಲೋಕನಾಥ ಶೆಟ್ಟರು ಮೆಟ್ಟಿಲಲ್ಲಿ ನಿಂತು ಆಖೈರು ಮಾತು ಹೇಳಿದರು. "ಬರುವ ಭಾನುವಾರದೊಳಗೆ ಇದು ಯಾಕೆ ಹೀಗೆ ಅಂತ ಗೊತ್ತಾಗಬೇಕು. ಇಲ್ಲದಿದ್ರೆ ಹುಡುಗಿಗೆ ಹಾಕಿದ ಉಂಗುರ ವಾಪಸು ಕಳಿಸಿ. ನನಗೆ ಸಿಟ್ಟಿಲ್ಲ ಸರ್ವೋತ್ತಮ. ಆದ್ರೆ ಸಂಶಯ ಇಟ್ಟುಕೊಂಡು ಧಾರೆ ಎರೆಯಲಿಕ್ಕೆ ಆಗುವುದಿಲ್ಲ."

ಮದುವೆಯ ಪತ್ರಿಕೆಗಳು ನನ್ನ ಪ್ರೆಸ್ಸಿನಲ್ಲಿ ಒಣಗಲು ಹರಡಿಯೇ ಇದ್ದವು. ಆ ವಾರ ಶೆಟ್ಟರ ಮನೆಯಲ್ಲಿ ನಡೆದದ್ದು ನನ್ನ ಅಡುಗೆಮನೆಗೆ ನೇರವಾಗಿ ಕೇಳುತ್ತಿತ್ತು. ಕುಶಲಾ ಅಕ್ಕ ಚಾಪೆ ತೆಗೆದುಕೊಂಡು ಅತ್ತೆಯ ಕೋಣೆಗೆ ಹೋದರು. "ಅಣ್ಣಾ, ಗಂಜಿ ಬಡಿಸಿಟ್ಟಿದ್ದೇನೆ" ಎಂದು ಗಂಡನನ್ನು ಊಟಕ್ಕೆ ಕರೆಯುತ್ತಿದ್ದರು. ಗುಲಾಬಿ ಅಮ್ಮನಿಗೆ ಮೊಮ್ಮಗಳ ಮದುವೆಗೆ ಏನೋ ಅಡ್ಡಿ ಬಂದಿದೆ ಎಂದಷ್ಟೇ ಹೇಳಿದ್ದರು. ಆಶಾಲತಾ ಬಾವಿಕಟ್ಟೆಯಲ್ಲಿ ಕೂತು ಅಳುವುದನ್ನು ನಾನೇ ಕಂಡೆ. ಆ ಮಗುವಿನ ನಾಮಕರಣಕ್ಕೆ ಪೇಡ ತಿಂದವನು ನಾನು.

ಶೆಟ್ಟರು ಕಾರ್ಖಾನೆಗೆ ರಜೆ ಹಾಕಿ ಬೆಳಗಿನಿಂದ ಸಂಜೆಯವರೆಗೆ ಮಷೀನಿನ ಎದುರು ಕೂತರು. ತಪ್ಪು ಎಲ್ಲಿ ಎಂದು ಗೊತ್ತಿಲ್ಲ, ಆದ್ದರಿಂದ ಎಲ್ಲ ಕಡೆಯೂ ಸರಿ ಮಾಡಿದರು. ಒಂದು ಸಾಲು ಸೇರಿಸಿದರೆ ಜಯಪಾಲನ ಹೆಸರೇ ಮಾಯ. ಅದನ್ನು ಸರಿ ಮಾಡಲು ಇನ್ನೊಂದು ಸಾಲು ಸೇರಿಸಿದರೆ ಲೋಕನಾಥ ಶೆಟ್ಟರು ಕನ್ಯೆಯರ ಪಟ್ಟಿಯಲ್ಲಿ. ಗುರುವಾರದ ಹೊತ್ತಿಗೆ ಮಷೀನು ಯಾರ ಹೆಸರು ಕೊಟ್ಟರೂ ನೋ ನೋ ನೋ ಎಂದು ಹಾಳೆಗಟ್ಟಲೆ ಅಚ್ಚು ಮಾಡಿ, ಪ್ರಿಂಟರಿನ ಸ್ವಿಚ್ಚು ತೆಗೆದ ಮೇಲೆಯೇ ನಿಂತಿತು.

ಶುಕ್ರವಾರ ನಾನು ಅಲ್ಲಿಗೆ ಹೋದಾಗ ಗ್ಲ್ಯಾಡಿಸ್ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು.

"ಇದು ಎಂತ ಅಂಕಲ್? ಹುಡುಗಿ ಆಶಾಲತಾ ಆದ್ರೆ, ಹುಡುಗ ಜಯಪಾಲ ಆದ್ರೆ, ಬೇರೆ ಎಂತದೂ ನೋಡ್ದೆ ಯೆಸ್ ಹೇಳು ಅಂತ ಬರ್ದಿದ್ದೀರಿ?"

"ಹೌದು ಮೇಡಂ."

"ಇದು ಪ್ರೋಗ್ರಾಂ ಅಲ್ಲ ಅಂಕಲ್, ಲಂಚ."

ಶೆಟ್ಟರ ಕಣ್ಣಲ್ಲಿ ನೀರು ಬಂತು. "ಹುಡುಗಿ ಊಟ ಬಿಟ್ಟಿದ್ದಾಳೆ ಮೇಡಂ. ನಾನು ಎಂತ ಮಾಡ್ಲಿ?"

ಗ್ಲ್ಯಾಡಿಸ್ ಮೆತ್ತಗಾದಳು. ಆದರೂ ಕೈ ಚಾಚಿ ಮಷೀನು ಆಫ್ ಮಾಡಿದಳು. "ನೀವು ಈಗ ಇಲ್ಲಿಂದ ಎದ್ದು ಹೋಗ್ಬೇಕು. ನಾಳೆ ಇಡೀ ದಿನ ಈ ಕಡೆ ಬರ್ಬಾರ್ದು. ಅಷ್ಟು ಹತ್ರ ಕೂತ್ರೆ ಸಾಲು ಮಾತ್ರ ಕಾಣ್ತದೆ, ಲೆಕ್ಕ ಕಾಣುದಿಲ್ಲ. ನಮ್ಗೂ ಹಾಗೆ ಆಗ್ತದೆ. ಎದ್ದು ಹೋಗ್ತೇವೆ, ಬೇರೆ ಎಂತಾದ್ರೂ ಮಾಡ್ತೇವೆ. ಜೊಕಿಮ್ ಅಂಕಲ್, ಇವರನ್ನು ಕರ್ಕೊಂಡು ಹೋಗಿ."

"ಭಾನುವಾರ ಗಡುವು ಉಂಟು, ಶನಿವಾರ ಸುಮ್ಮನೆ ಕೂತುಕೊಳ್ಳುವುದಾ?" ಎಂದು ಶೆಟ್ಟರು ದಾರಿಯುದ್ದಕ್ಕೂ ಕೂಗಾಡಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಶನಿವಾರ ಅವರನ್ನು ಬಸ್ಸಿಗೆ ಹತ್ತಿಸಿ ಕೂಳೂರಿಗೆ ಕರೆದುಕೊಂಡು ಹೋದೆ. ಸೇತುವೆಯ ಕೆಳಗೆ ಹೊಳೆಯ ಬದಿಯಲ್ಲಿ ನಾನು ಆಗಾಗ ಗಾಳ ಹಾಕಲು ಕೂರುವುದುಂಟು. ಸಿಗಡಿ ಸಿಕ್ಕಿಸಿ ಒಂದು ಗಾಳ ಅವರ ಕೈಗೂ ಕೊಟ್ಟೆ. ಮೊದಲು ಅವರು ಹೊಳೆಯನ್ನು ನೋಡಿ ಪ್ರೋಗ್ರಾಮಿನ ಸಾಲುಗಳನ್ನು ಬಾಯಿಪಾಠ ಒಪ್ಪಿಸಿದರು. ಆಮೇಲೆ ಗಂಟಲು ಒಣಗಿ ಸುಮ್ಮನಾದರು. ಆಮೇಲೆ ಒಂದು ಮೀನು ಸಿಗಡಿ ತಿಂದು ತಪ್ಪಿಸಿಕೊಂಡಿತು, ಅದಕ್ಕೆ ಬೈದರು. ಮೀನಿಗೆ ಬೈಯುವಷ್ಟು ಮನುಷ್ಯ ಸುಧಾರಿಸಿದ್ದನ್ನು ಕಂಡು ನನಗೆ ಸಮಾಧಾನವಾಯಿತು. ಮೀನು ಬೀಳುವ ಲಕ್ಷಣವಿರಲಿಲ್ಲ, ಹೊತ್ತು ಹೋಗಬೇಕಲ್ಲ ಎಂದು ಕೇಳಿದೆ.

"ಅಲ್ಲ ಶೆಟ್ರೇ, ಈ ಬರಿ ಅನ್ನುವುದು ನಿಮಗೆ ಎಲ್ಲಿಂದ ಬಂದದ್ದು?"

"ಎಲ್ಲಿಂದ ಅಂದ್ರೆ? ಅಮ್ಮನಿಂದ. ಇದು ಕೇಳುವ ವಿಷಯವಾ ಜೊಕಿಮ್ ಪೊರ್ಬುಲೇ? ನಮ್ಮಲ್ಲಿ ಅಮ್ಮನ ಬರಿಯೇ ಮಕ್ಕಳಿಗೆ. ಅಪ್ಪನ ಬರಿ ಅಪ್ಪನಿಗೇ ಮುಗೀತು."

"ಹೌದಾ? ನಾನು ಇಷ್ಟು ದಿನ ನಮ್ಮ ಸರ್ನೇಮಿನ ಹಾಗೆ ಅಪ್ಪಂದು ಅಂತ ಎಣಿಸಿದ್ದೆ ಮಾರಾಯ್ರೆ."

"ಛೆ ಛೆ, ಅಪ್ಪಂದು ಹಿಡಿದು ಹೋದ್ರೆ ಎಲ್ಲ ತಲೆಕೆಳಗಲ್ವಾ? ನನ್ನ ಅಪ್ಪನ ಅಪ್ಪ, ಕುಶಲಾಳ ಅಪ್ಪನ ಅಪ್ಪ ಒಂದೇ ಬರಿಯವರು. ಅಪ್ಪಂದು ಹಿಡಿದ್ರೆ ನಾವಿಬ್ಬರೂ ಅಣ್ಣ ತಂಗಿ ಆಗ್ತಿದ್ದೆವು..."

ಮಾತು ಅಲ್ಲಿಗೆ ನಿಂತಿತು. ಶೆಟ್ಟರ ಬಾಯಿ ತೆರೆದೇ ಇತ್ತು. ಗಾಳದ ಕೋಲು ಕೈಜಾರಿ ಹೊಳೆಗೆ ಬಿತ್ತು, ನನ್ನ ಕೋಲು, ಹೊಸತು. ಅದು ತೇಲಿಕೊಂಡು ಸೇತುವೆ ದಾಟುವವರೆಗೂ ಅವರು ಅದನ್ನೇ ನೋಡಿದರು. ಆಮೇಲೆ ಎರಡೂ ಕೈಯಿಂದ ತಲೆ ಚಚ್ಚಿಕೊಂಡು, "ಹೌದು ಮೇಡಂ! ಹೌದು ಮೇಡಂ! ನನ್ನ ಬಾಯಿಗೆ ಬೆಂಕಿ ಬೀಳ!" ಎಂದು ಬಸ್ ಸ್ಟಾಪಿನ ಕಡೆಗೆ ಓಡಿದರು.

ಭಾನುವಾರ ಮತ್ತೆ ಎಲ್ಲರೂ ಮಾಳಿಗೆ ಹತ್ತಿದರು. ಉರ್ಸುಲಾ ಹಳೆ ಚಪ್ಪಲಿ ಹಾಕಿ ಬಂದಳು. ಗುಲಾಬಿ ಅಮ್ಮ ಈ ಸಲ ಹಟ ಹಿಡಿದು, ಮರದ ಕುರ್ಚಿಯಲ್ಲಿ ಕೂತು, ಇಬ್ಬರ ಕೈಯಲ್ಲಿ ಹೊರಿಸಿಕೊಂಡು ಮೇಲೆ ಬಂದರು.

ಶೆಟ್ಟರು ಮೊದಲು ತನ್ನ ಮತ್ತು ಕುಶಲಾ ಅಕ್ಕನ ಹೆಸರು ಹಾಕಿದರು. ಯೆಸ್. ಹೆಮ್ಮೆಯಿಂದ ಹೆಂಡತಿಯ ಕಡೆ ತಿರುಗಿದರು.

"ಅದು ಒಪ್ಪಿದ್ರೆ ಸಾಕಾ? ನನ್ನನ್ನು ಕೇಳಿದ್ದೀರಾ?" ಎಂದರು ಕುಶಲಾ ಅಕ್ಕ.

ಆಶಾಲತಾ, ಜಯಪಾಲ. ಯೆಸ್. ಸೋದರಮಾವ, ಸೊಸೆ. ನೋ. ಎಲ್ಲವೂ ಇದ್ದಲ್ಲಿಗೆ ಬಂತು ಎಂದು ನಾನು ಉಸಿರು ಬಿಟ್ಟೆ. ಲೋಕನಾಥ ಶೆಟ್ಟರು ಬಿಡಲಿಲ್ಲ.

"ಹೋದ ವಾರ ನೋ, ಈ ವಾರ ಯೆಸ್. ನಡುವೆ ಎಂತ ಆಯ್ತು?"

ಗ್ಲ್ಯಾಡಿಸ್ ಬಾಯಿ ತೆರೆದಳು. ಶೆಟ್ಟರು ಕೈ ಎತ್ತಿ ಅವಳನ್ನು ತಡೆದರು. "ತಪ್ಪು ನನ್ನದು ಲೋಕನಾಥಣ್ಣ. ಮಷೀನು ನಾನು ಹೇಳಿದ ಹಾಗೆಯೇ ಮಾಡಿದೆ. ಬರಿ ಹುಡುಕಲಿಕ್ಕೆ ಅಪ್ಪನನ್ನು ಹಿಡಿದು ಮೇಲೆ ಹೋಗು ಅಂತ ನಾನೇ ಬರೆದಿದ್ದೆ. ಅಪ್ಪಂದಿರ ಕಡೆ ಹೋದ್ರೆ ಇಬ್ಬರಿಗೂ ಒಂದೇ ಬರಿ, ಅದಕ್ಕೇ ನೋ."

ಲೋಕನಾಥ ಶೆಟ್ಟರು ಬೇಸರದಿಂದ ತಲೆ ಆಡಿಸಿದರು. "ಬಂಟನಾಗಿ ಹುಟ್ಟಿದವ ಹಾಗೆ ಬರೆಯುವುದುಂಟಾ? ಅದೂ ವಧೂವರ ಸಮಿತಿಯ ಕಾರ್ಯದರ್ಶಿ? ಬೇಡ ಸರ್ವೋತ್ತಮ. ಹುಡುಗಿಯ ಮೇಲಿನ ಪ್ರೀತಿಗೆ ನೀವು ಸುಳ್ಳು ಹೇಳ್ತಿದ್ದೀರಿ. ಮಷೀನನ್ನು ಹೇಗೋ ಒಲಿಸಿಕೊಂಡಿದ್ದೀರಿ." ಹಿಂದಿನ ಸಾಲಿನವರೂ ಹೌದು ಹೌದು ಎಂದರು. ಅಷ್ಟು ದೊಡ್ಡ ದಡ್ಡತನವನ್ನು ನಂಬಲು ಯಾರೂ ಸಿದ್ಧರಿರಲಿಲ್ಲ. ಜಯಪಾಲ ತಲೆ ತಗ್ಗಿಸಿದ. ಆಶಾಲತಾ ಬೆರಳಿನ ಉಂಗುರ ಸಡಿಲಿಸತೊಡಗಿದಳು.

"ಮಗಾ, ಇಲ್ಲಿ ಬಾ" ಎಂದು ಗುಲಾಬಿ ಅಮ್ಮ ಕರೆದರು.

ಶೆಟ್ಟರು ಕುರ್ಚಿಯ ಹತ್ತಿರ ಹೋದರು.

"ಅಪ್ಪನನ್ನು ಹಿಡಿದು ಹೋಗು ಅಂತ ಬರೆದಿಯಾ?"

"ಬರೆದೆ ಅಮ್ಮಾ."

"ನಾನು ಎಲ್ಲಿದ್ದೆ ಅದರಲ್ಲಿ?"

"ಇರಲಿಲ್ಲ ಅಮ್ಮಾ."

"ನನ್ನ ರಾಜೀವಿ?"

ಶೆಟ್ಟರು ನೆಲ ನೋಡಿದರು. "ಅವಳೂ ಇರಲಿಲ್ಲ."

ಆ ಮುದುಕಿಯ ಕೈಯಲ್ಲಿ ಅಷ್ಟು ಬಲವಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಪೆಟ್ಟಿನ ಸದ್ದಿಗೆ ಏಸಿ ಕೂಡ ಒಮ್ಮೆ ತಡವರಿಸಿದ ಹಾಗೆ ನನಗೆ ಕೇಳಿಸಿತು. "ಹೊತ್ತದ್ದು ನಾನು, ಹೆತ್ತದ್ದು ನಾನು! ಅವಳು ಈ ಕೂಸನ್ನು ಹೆತ್ತು, ಮುದ್ದು ಮಾಡ್ಲಿಕ್ಕೆ ಪುರುಸೊತ್ತಿಲ್ಲದೆ ಹೋದಳು. ಅವಳದ್ದು ಅಂತ ಉಳಿದದ್ದು ಈ ಬರಿಯೊಂದೇ. ಅದನ್ನೂ ಅಳಿಸಿದಿಯಾ ನೀನು?"

ಹೆಡ್ ಕ್ಲರ್ಕ್ ಸರ್ವೋತ್ತಮ ಶೆಟ್ಟರು ಕೆನ್ನೆ ಹಿಡಿದು ಎಲ್ಲರೆದುರು ಮಕ್ಕಳ ಹಾಗೆ ಅತ್ತರು. ಲೋಕನಾಥ ಶೆಟ್ಟರ ಮುಖ ಬದಲಾಯಿತು. ಆ ಪೆಟ್ಟು ನಾಟಕದ ಪೆಟ್ಟಲ್ಲ ಎಂದು ಎಂಥವನಿಗೂ ಗೊತ್ತಾಗುತ್ತಿತ್ತು. "ನಿಜವಾಗಿಯೂ ಬರೆದಿದ್ದಾನೆ ಮಾರ್ರೆ!" ಎಂದು ಅವರು ಪಕ್ಕದವರಿಗೆ ಹೇಳಿದ್ದು ಹಂಪನಕಟ್ಟೆಗೇ ಕೇಳಿಸಿತು.

ಗ್ಲ್ಯಾಡಿಸ್ ಸದ್ದಿಲ್ಲದೆ ಮಷೀನಿನ ಎದುರು ಕೂತು ಏನೋ ಬಡಿದಳು. ಕುರ್ಚಿಯನ್ನು ಹತ್ತಿರ ಎಳೆಸಿದಳು. ಕಪ್ಪು ಪರದೆಯಲ್ಲಿ ಹಸಿರು ಇಂಗ್ಲಿಷ್ ಅಕ್ಷರಗಳು, ಒಂದರ ಕೆಳಗೊಂದು ಮೂರು ಹೆಸರು.

"ಇದು ಎಂತ ಬಾಯೀ? ನನಗೆ ಓದ್ಲಿಕ್ಕೆ ಬರುವುದಿಲ್ಲ" ಎಂದು ಗುಲಾಬಿ ಅಮ್ಮ ಗ್ಲ್ಯಾಡಿಸಳಿಗೆ ಹೇಳಿದರು.

ಆಶಾಲತಾ ಬಂದು ಪಕ್ಕದಲ್ಲಿ ಕೂತಳು. ಅಜ್ಜಿಯ ಬೆರಳು ಹಿಡಿದು ಒಂದೊಂದೇ ಹೆಸರಿನ ಮೇಲೆ ಇಟ್ಟಳು. "ಇದು ನೀವು ಅಜ್ಜಿ. ಇದು ನನ್ನ ಅಮ್ಮ. ಇದು ನಾನು."

ಗುಲಾಬಿ ಅಮ್ಮನ ಬೆರಳು ನಡುವಿನ ಹೆಸರಿಗೆ ವಾಪಸು ಬಂದು ಅಲ್ಲಿಯೇ ನಿಂತಿತು. ತುಂಬ ಹೊತ್ತು ತೆಗೆಯಲಿಲ್ಲ. "ಬಂದಳು" ಎಂದರು. "ಮಗಳ ಮದುವೆಗೆ ಬಂದಳು."

ಲೋಕನಾಥ ಶೆಟ್ಟರು ಎದ್ದರು. ಅಷ್ಟು ದೊಡ್ಡ ಗಂಟಲಿನ ಮನುಷ್ಯ ಒಂದು ಮಾತೂ ಆಡದೆ ಬಂದು ಆ ಮುದುಕಿಯ ಕಾಲು ಮುಟ್ಟಿದರು. ಆಮೇಲೆ ಕಣ್ಣೊರೆಸಿಕೊಂಡು ಅಳಿಯನ ಕಡೆಗೆ ತಿರುಗಿದರು. "ನೀನು ಎಂತ ಅಲ್ಲಿ ನಿಂತದ್ದು? ಬಾ. ಅತ್ತೆ ಬಂದಿದ್ದಾರಂತೆ, ಕೈ ಮುಗಿ."